ಕೊಬ್ಬರಿ ಮಂಡಿಯ ವಾದ, ಕ್ಲಾಟ್ ಪರೀಕ್ಷೆಯ ತರ್ಕ

ನಾನು ತಿಪಟೂರಿನಲ್ಲಿ ವಕೀಲಿಕೆ ಮಾಡುವವನು. ಭಾನುವಾರ ಬೆಳಿಗ್ಗೆ ಒಂದಷ್ಟು ಪಿಯುಸಿ ಮಕ್ಕಳು ಆಫೀಸಿಗೆ ಬರುತ್ತಾರೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರೂ ಇರುತ್ತಾರೆ. ಎಲ್ಲರ ಕೈಯಲ್ಲೂ ಒಂದು ದಪ್ಪ ಗೈಡು. ಅದರ ತುಂಬ ರಕ್ತಸಂಬಂಧದ ಲೆಕ್ಕ, ದಿಕ್ಕಿನ ಲೆಕ್ಕ, ಅಕ್ಷರ ಅದಲುಬದಲು ಮಾಡುವ ಲೆಕ್ಕ. "ಸರ್, ಲಾಜಿಕಲ್ ರೀಸನಿಂಗ್‌ಗೆ ಇಷ್ಟು ಮಾಡಿದ್ರೆ ಸಾಕಾ?" ಅಂತ ಕೇಳುತ್ತಾರೆ. ಸಾಕಾಗಲ್ಲ. ಯಾಕೆ ಸಾಕಾಗಲ್ಲ, ಏನು ಮಾಡಬೇಕು ಅನ್ನುವುದನ್ನು ಕನ್ನಡದಲ್ಲಿ ಒಂದು ಕಡೆ ಬರೆದಿಟ್ಟರೆ ಉಪಯೋಗಕ್ಕೆ ಬಂದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆಯ ವಿಚಾರ. ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಸೇರಿದಂತೆ ದೇಶದ 20ಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಪದವಿಗೆ ಸೇರಬೇಕಾದರೆ ಕ್ಲಾಟ್ ಬರೆಯಬೇಕು. ಇದು 2008ರಲ್ಲಿ ಶುರುವಾಯಿತು. 2020ರಿಂದ ಅದರ ಸ್ವರೂಪವೇ ಬೇರೆ. ಈಗ ಪ್ರತಿ ವಿಭಾಗದಲ್ಲೂ ಒಂದು ಗದ್ಯಭಾಗ ಕೊಟ್ಟು, ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. 2024ರ ಕ್ಲಾಟ್‌ನಿಂದ ಪ್ರಶ್ನೆಗಳ ಸಂಖ್ಯೆ 150ರಿಂದ 120ಕ್ಕೆ ಇಳಿದಿದೆ, ಸಮಯ 120 ನಿಮಿಷ. ಅದರಲ್ಲಿ 22ರಿಂದ 26 ಪ್ರಶ್ನೆ ತರ್ಕದ್ದು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಒಂದೊಂದು ಗದ್ಯಭಾಗ ಸುಮಾರು 450 ಪದ ಇರುತ್ತೆ. ಅಂದರೆ ತರ್ಕದ ವಿಭಾಗ ಒಂದಕ್ಕೇ ಸುಮಾರು 2000 ಇಂಗ್ಲಿಷ್ ಪದ ಓದಿ, ಅರ್ಥ ಮಾಡಿಕೊಂಡು, ಉತ್ತರ ತುಂಬೋದಕ್ಕೆ 25 ನಿಮಿಷ ಸಿಗುತ್ತೆ ಅಂತಿಟ್ಟುಕೊಳ್ಳಿ.

ಪರೀಕ್ಷೆ ನಡೆಸುವ ಒಕ್ಕೂಟ ತಾನು ಏನು ಕೇಳುತ್ತೇನೆ ಅಂತ ಬಚ್ಚಿಟ್ಟಿಲ್ಲ. ವಾದ ಯಾವುದು, ಅದರ ಆಧಾರ ಯಾವುದು, ತೀರ್ಮಾನ ಯಾವುದು ಅಂತ ಗುರುತಿಸಬೇಕು. ಆಧಾರದಿಂದ ತೀರ್ಮಾನ ಹೇಗೆ ಬಂತು ಅಂತ ನೋಡಬೇಕು. ಹೊಸ ಸಂಗತಿಯೊಂದು ಸೇರಿದರೆ ವಾದ ಗಟ್ಟಿಯಾಗುತ್ತಾ, ಸಡಿಲವಾಗುತ್ತಾ ಅಂತ ಹೇಳಬೇಕು. ವಿರೋಧಾಭಾಸ, ಹೋಲಿಕೆ ಹಿಡಿಯಬೇಕು. ಆಸನ ಜೋಡಿಸುವಂಥ ಒಗಟಿನ ಪ್ರಶ್ನೆಗಳು ಪೂರ್ತಿ ಹೋಗಿಲ್ಲ, ಆಗಾಗ ತಲೆ ಹಾಕುತ್ತವೆ, ಅದಕ್ಕೂ ಸ್ವಲ್ಪ ತಯಾರಿ ಬೇಕು. ಆದರೆ ಬೆನ್ನೆಲುಬು ವಾದದ ವಿಶ್ಲೇಷಣೆಯೇ. ಅಮೆರಿಕದ ಕಾನೂನು ಕಾಲೇಜುಗಳ ಎಲ್‌ಸ್ಯಾಟ್ ಪರೀಕ್ಷೆಯಲ್ಲಂತೂ 2024ರ ಆಗಸ್ಟ್‌ನಿಂದ ಒಗಟಿನ ವಿಭಾಗವನ್ನೇ ಕೈಬಿಟ್ಟಿದ್ದಾರೆ.

ವಾದ ಅಂದರೆ ಜಗಳ ಅಲ್ಲ

ನಮ್ಮ ಕಡೆ ವಾದ ಅಂದ ಕೂಡಲೇ ಇಬ್ಬರು ದನಿ ಎತ್ತಿ ಮಾತಾಡೋದು ಅಂತ ಅರ್ಥ. ಪರೀಕ್ಷೆಯ ಭಾಷೆಯಲ್ಲಿ ಹಾಗಲ್ಲ. ಒಂದು ಮಾತನ್ನು ಒಪ್ಪಿಸೋದಕ್ಕೆ ಇನ್ನೊಂದು ಮಾತನ್ನು ಕಾರಣವಾಗಿ ಕೊಟ್ಟರೆ ಅದು ವಾದ. "ಇವತ್ತು ಕೊಬ್ಬರಿ ರೇಟು ಬಿದ್ದಿದೆ" ಅನ್ನೋದು ಬರೀ ಸುದ್ದಿ. "ರೇಟು ಬಿದ್ದಿದೆ, ಹಾಗಾಗಿ ಮುಂದಿನ ಹರಾಜಿನ ತನಕ ತಡೀರಿ" ಅಂದರೆ ವಾದ. ತಿಪಟೂರು ಎಪಿಎಂಸಿಯಲ್ಲಿ ಹರಾಜಿನ ದಿನ ಒಂದು ಗಂಟೆ ಸುಮ್ಮನೆ ನಿಂತು ಕೇಳಿಸಿಕೊಂಡರೆ ಇಂಥ ಹತ್ತಾರು ವಾದ ಕಿವಿಗೆ ಬೀಳುತ್ತವೆ, ಅರ್ಧಕ್ಕರ್ಧ ಸಡಿಲವಾದವು.

ನ್ಯಾಯದರ್ಶನ ಇದನ್ನು ಐದು ಮೆಟ್ಟಿಲಾಗಿ ಬಿಡಿಸಿತ್ತು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದ ಮೇಲೆ ಬೆಂಕಿ ಇದೆ, ಯಾಕೆಂದರೆ ಹೊಗೆ ಕಾಣುತ್ತಿದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತೆ, ಅಡುಗೆಮನೆಯಲ್ಲಿ ನೋಡಿದ ಹಾಗೆ. ಈ ಬೆಟ್ಟದಲ್ಲೂ ಹಾಗೇ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. ಇಲ್ಲಿ ಗಮನಿಸಬೇಕಾದ್ದು ಮೂರನೆಯ ಮೆಟ್ಟಿಲು. ಹೊಗೆಗೂ ಬೆಂಕಿಗೂ ಇರುವ ನಂಟನ್ನು ನಮ್ಮ ಹಿಂದಿನವರು ಬಾಯಿಬಿಟ್ಟು ಹೇಳಿಸುತ್ತಿದ್ದರು. ದಿನನಿತ್ಯದ ಮಾತಿನಲ್ಲಿ, ಪತ್ರಿಕೆಯ ಸಂಪಾದಕೀಯದಲ್ಲಿ, ಕ್ಲಾಟ್‌ನ ಗದ್ಯಭಾಗದಲ್ಲಿ ಅದನ್ನು ಯಾರೂ ಹೇಳಲ್ಲ, ನುಂಗಿಬಿಡುತ್ತಾರೆ. ಹಾಗೆ ನುಂಗಿದ ಮಾತಿಗೇ ಪರೀಕ್ಷೆಯಲ್ಲಿ 'ಅಸಂಪ್ಷನ್' ಅಂತ ಹೆಸರು. ಕನ್ನಡದಲ್ಲಿ ಗೃಹೀತ ಅನ್ನಬಹುದು. ಅತಿ ಹೆಚ್ಚು ಮಕ್ಕಳು ಎಡವೋದು ಇಲ್ಲೇ, ಅದಕ್ಕೇ ಇದನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ.

ಅಭ್ಯಾಸಕ್ಕೆ ಅಂತ ನಾನೇ ಕಟ್ಟಿದ ಒಂದು ಗದ್ಯಭಾಗ ಇಲ್ಲಿದೆ. ಒಬ್ಬ ರೈತ ಮುಖಂಡ ವೇದಿಕೆ ಮೇಲೆ ಹೀಗೆ ಮಾತಾಡಿದ ಅಂತಿಟ್ಟುಕೊಳ್ಳಿ:

"2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. 2025ರಲ್ಲಿ ಬೆಂಬಲ ಬೆಲೆ 12,100, ಬರೀ 350 ರೂಪಾಯಿ ಜಾಸ್ತಿ. ಆದರೆ ಮಾರುಕಟ್ಟೆಯಲ್ಲಿ ಕೊಬ್ಬರಿ ಅದರ ದುಪ್ಪಟ್ಟನ್ನೂ ದಾಟಿ ಹೋಯಿತು. ಬೆಂಬಲ ಬೆಲೆ ನಿಂತಲ್ಲೇ ನಿಂತಿರುವಾಗ ಮಾರುಕಟ್ಟೆ ತನ್ನ ಪಾಡಿಗೆ ಏರುತ್ತೆ, ಇಳಿಯುತ್ತೆ. ಹಾಗಾಗಿ ಬೆಂಬಲ ಬೆಲೆಯಿಂದ ತೆಂಗು ಬೆಳೆಗಾರನಿಗೆ ಯಾವ ಪ್ರಯೋಜನವೂ ಇಲ್ಲ."

ಅಂಕಿ ಎಲ್ಲ ಸರಿ. ಚಪ್ಪಾಳೆಯೂ ಬಿದ್ದೀತು. ಈಗ ಪ್ರಶ್ನೆ: ಇದರ ಗೃಹೀತ ಏನು?

ಆಧಾರ ಹೇಳುತ್ತಿರೋದು ಮಾರುಕಟ್ಟೆ ದರದ ಬಗ್ಗೆ. ತೀರ್ಮಾನ ಇರೋದು ಬೆಳೆಗಾರನ ಪ್ರಯೋಜನದ ಬಗ್ಗೆ. ಈ ಎರಡರ ನಡುವೆ ಒಂದು ಕಂದಕ ಇದೆ. ಅದನ್ನು ದಾಟೋದಕ್ಕೆ ಮುಖಂಡ ಬಾಯಿಬಿಟ್ಟು ಹೇಳದೆ ಹಾಕಿಕೊಂಡ ಸೇತುವೆ ಇದು: ಮಾರುಕಟ್ಟೆ ದರವನ್ನು ಮೇಲೆತ್ತುವುದು ಬಿಟ್ಟರೆ ಬೆಂಬಲ ಬೆಲೆಯಿಂದ ಬೇರೆ ಉಪಯೋಗ ಇಲ್ಲ. ಇದೇ ಗೃಹೀತ ಹೌದೋ ಅಲ್ಲವೋ ಅಂತ ನೋಡೋದಕ್ಕೆ ಒಂದು ಪಟ್ಟು ಇದೆ. ಆ ಮಾತನ್ನು ತಿರುಗಿಸಿ ಹೇಳಿ. "ದರ ಏರದಿದ್ದರೂ ಬೆಂಬಲ ಬೆಲೆಯಿಂದ ಬೇರೊಂದು ಉಪಯೋಗ ಇದೆ." ತಿರುಗಿಸಿದ ಕೂಡಲೇ ತೀರ್ಮಾನ ಕುಸಿದುಬಿತ್ತು ಅಲ್ವಾ? ಹಾಗಾದರೆ ನೀವು ಹಿಡಿದದ್ದು ಸರಿಯಾದ ಕಂಬವನ್ನೇ. ತಿರುಗಿಸಿದರೂ ವಾದ ನೆಟ್ಟಗೆ ನಿಂತಿದ್ದರೆ, ಆ ಆಯ್ಕೆಯನ್ನು ಬಿಟ್ಟು ಮುಂದೆ ಹೋಗಿ.

ಇದು ಸಿಕ್ಕರೆ ಉಳಿದ ಪ್ರಶ್ನೆಗಳು ಅರ್ಧ ಬಿಡಿಸಿದಂತೆಯೇ. ವಾದವನ್ನು ಸಡಿಲ ಮಾಡುವ ಸಂಗತಿ ಯಾವುದು? "2023ರಲ್ಲಿ ನಫೆಡ್‌ಗೆ ಮಾರಿದ ರೈತರಿಗೆ ಪೇಟೆ ದರಕ್ಕಿಂತ ಹೆಚ್ಚು ಸಿಕ್ಕಿತು." ಸೇತುವೆಯ ಕಂಬಕ್ಕೇ ಏಟು. ಗಟ್ಟಿ ಮಾಡುವ ಸಂಗತಿ? "ಬಹುಪಾಲು ಸಣ್ಣ ಹಿಡುವಳಿದಾರರಿಗೆ ನೋಂದಣಿ ಸಿಗದೆ, ನಫೆಡ್‌ಗೆ ಮಾರಲು ಆಗಲೇ ಇಲ್ಲ" ಅಂತ ಯಾರಾದರೂ ತೋರಿಸಿದರೆ ವಾದಕ್ಕೆ ಬಲ ಬರುತ್ತೆ. ಗಮನಿಸಿ, ಇವು ನಿಜವೋ ಸುಳ್ಳೋ ಅಂತ ಪರೀಕ್ಷೆ ಕೇಳಲ್ಲ. ನಿಜ ಅಂತ ಒಪ್ಪಿಕೊಂಡರೆ ವಾದಕ್ಕೆ ಏನಾಗುತ್ತೆ ಅಂತಷ್ಟೇ ಕೇಳುತ್ತೆ. ನಮ್ಮ ಮಕ್ಕಳಿಗೆ ಕೊಬ್ಬರಿ ವಿಷಯದಲ್ಲಿ ಗೊತ್ತಿರೋದು ಜಾಸ್ತಿ. ಅದೇ ಕೆಲವು ಸಲ ತೊಡಕಾಗುತ್ತೆ. "ಸರ್, ನಮ್ಮಪ್ಪ ನಫೆಡ್‌ಗೆ ಹಾಕಿದ್ರು, ದುಡ್ಡು ಬರೋದು ತಡ ಆಯ್ತು" ಅಂತ ಒಬ್ಬ ಹುಡುಗ ಆಯ್ಕೆಯ ಜೊತೆಗೇ ಜಗಳಕ್ಕೆ ನಿಂತಿದ್ದ. ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಗದ್ಯದೊಳಗೆ ಇಲ್ಲದ್ದನ್ನು ಉತ್ತರದೊಳಗೆ ತರುವ ಹಾಗಿಲ್ಲ.

ಇನ್ನೊಂದು ಬಗೆಯ ಬಲೆ ಇದೆ. "ಬೆಂಬಲ ಬೆಲೆಯನ್ನು ಇನ್ನೂ ಹೆಚ್ಚಿಸಬೇಕು." "ಎಳನೀರು ಮಾರಿದರೆ ಕೊಬ್ಬರಿಗಿಂತ ಬೇಗ ಕಾಸು ಕೈಗೆ ಬರುತ್ತೆ." ಇವೆಲ್ಲ ಒಳ್ಳೆಯ ಮಾತುಗಳೇ, ನಾಲ್ಕು ಜನ ತಲೆದೂಗುವಂಥವೇ. ಆದರೆ ಮುಖಂಡನ ವಾದವನ್ನು ಮುಟ್ಟುವುದೂ ಇಲ್ಲ, ತಟ್ಟುವುದೂ ಇಲ್ಲ. ಪ್ರಶ್ನೆ ತೆಗೆಯುವವರಿಗೆ ಈ ಬಲೆ ಅಂದರೆ ಬಲು ಪ್ರೀತಿ.

ಗೃಹೀತಕ್ಕೂ ನಿಗಮನಕ್ಕೂ ಗೊಂದಲ ಮಾಡಿಕೊಳ್ಳುವವರು ಬಹಳ. ಗೃಹೀತ ವಾದದ ತಳದಲ್ಲಿರುತ್ತೆ, ನಿಗಮನ ಅದರ ತುದಿಯಲ್ಲಿ. ಮೇಲಿನ ಗದ್ಯದಿಂದ ಖಂಡಿತವಾಗಿ ಹೊರಡುವ ಒಂದು ನಿಗಮನ: ಬೆಂಬಲ ಬೆಲೆ ಹೆಚ್ಚು ಬದಲಾಗದಿದ್ದರೂ ಮಾರುಕಟ್ಟೆ ದರ ಏರಬಲ್ಲದು. ಇದನ್ನು ಒಪ್ಪದಿರೋದಕ್ಕೆ ದಾರಿಯೇ ಇಲ್ಲ. ಆದರೆ "ಬೆಂಬಲ ಬೆಲೆ ಇಲ್ಲದಿದ್ದರೂ 2023ರಲ್ಲಿ ದರ ಅಷ್ಟೇ ಇರುತ್ತಿತ್ತು" ಅನ್ನೋದು ನಿಗಮನ ಅಲ್ಲ. ನಫೆಡ್ ಖರೀದಿಯೇ ಇಲ್ಲದಿದ್ದರೆ ದರ ಇನ್ನೂ ಎಷ್ಟು ಪಾತಾಳಕ್ಕೆ ಹೋಗುತ್ತಿತ್ತು ಅನ್ನುವುದರ ಬಗ್ಗೆ ಗದ್ಯ ತುಟಿ ಬಿಚ್ಚಿಲ್ಲ.

ಹೊಂಬಾಳೆ ಹೇಳುವ ಪಾಠ

ಇದಾದ ಮೇಲೆ ಇದಾಯಿತು, ಹಾಗಾಗಿ ಇದರಿಂದಲೇ ಅದಾಯಿತು. ಕಾರಣ ಮತ್ತು ಪರಿಣಾಮದ ಪ್ರಶ್ನೆಗಳೆಲ್ಲ ಈ ದೋಷದ ಸುತ್ತಲೇ ಸುತ್ತುತ್ತವೆ. ನಮ್ಮ ಸೀಮೆಯಲ್ಲಿ ಇದಕ್ಕೆ ತೆಂಗಿನ ಮರಕ್ಕಿಂತ ಒಳ್ಳೆಯ ಮೇಷ್ಟ್ರು ಬೇಡ.

"ಹೋದ ವರ್ಷ ಹೊಸ ಗೊಬ್ಬರ ಹಾಕಿದೆ ಕಣಣ್ಣ, ಈ ವರ್ಷ ನೋಡು ಗೊನೆ ಹೆಂಗೈತೆ" ಅಂತ ಒಬ್ಬರು ಹೇಳುತ್ತಾರೆ. ಪಕ್ಕದ ತೋಟದವರು ಅದೇ ಗೊಬ್ಬರಕ್ಕೆ ಓಡುತ್ತಾರೆ. ಆದರೆ ತೆಂಗಿನ ಹೊಂಬಾಳೆ ಮರದೊಳಗೆ ಮೊಳೆತ ದಿನದಿಂದ ಕಾಯಿ ಬಲಿಯುವ ತನಕ ಸುಮಾರು 44 ತಿಂಗಳು ಹಿಡಿಯುತ್ತೆ. ಹೊಂಬಾಳೆ ಒಡೆದು ಕಣ್ಣಿಗೆ ಕಾಣಿಸಿಕೊಂಡ ಮೇಲೆ ಕಾಯಿ ಬಲಿಯೋದಕ್ಕೇ ಹತ್ತಿರಹತ್ತಿರ 12 ತಿಂಗಳು. ಅಂದರೆ ಈ ವರ್ಷ ಕೀಳುವ ಗೊನೆಯೊಳಗೆ ಮೂರೂವರೆ ವರ್ಷದ ಮಳೆ, ಬರ, ನೀರು, ಗೊಬ್ಬರ ಎಲ್ಲದರ ಲೆಕ್ಕವೂ ಇದೆ. ಹೋದ ವರ್ಷದ ಗೊಬ್ಬರ ಏನೂ ಮಾಡಲೇ ಇಲ್ಲ ಅಂತಲ್ಲ. ಹರಳು ಉದುರೋದು ಕಮ್ಮಿಯಾಗಿರಬಹುದು, ಕಾಯಿ ದಪ್ಪ ಆಗಿರಬಹುದು. ಹಾಗಾಗಿ ವಾದ ಸುಳ್ಳು ಅನ್ನಬಾರದು, ಸಾಲದು ಅನ್ನಬೇಕು. ಕ್ಲಾಟ್‌ನ ಸರಿಯುತ್ತರಗಳೂ ಬಹುಪಾಲು ಇಂಥ ಹದದಲ್ಲಿಯೇ ಇರುತ್ತವೆ. "ಈ ವಾದ ಇನ್ನೊಂದು ಸಂಭವನೀಯ ಕಾರಣವನ್ನು ಗಣನೆಗೆ ತಂದುಕೊಂಡಿಲ್ಲ" ಅನ್ನುವ ಆಯ್ಕೆಗೂ "ಗೊಬ್ಬರದಿಂದ ಇಳುವರಿ ಹೆಚ್ಚಾಗುವುದೇ ಇಲ್ಲ" ಅನ್ನುವ ಆಯ್ಕೆಗೂ ಬಹಳ ಅಂತರ ಇದೆ. ಮೊದಲನೆಯದನ್ನು ಹಿಡಿಯಿರಿ.

ಕಾರಣ ತಿರುಗುಮುರುಗಾಗಿರುವ ಸಾಧ್ಯತೆಯನ್ನೂ ನೋಡಬೇಕು. ಬೋರ್‌ವೆಲ್ ಹೆಚ್ಚಿರುವ ಊರಲ್ಲೇ ಅಂತರ್ಜಲ ಕೆಳಗಿದೆ ಅನ್ನಿ. ಬೋರು ಕೊರೆಸಿದ್ದರಿಂದ ನೀರು ಇಳಿಯಿತಾ, ನೀರು ಇಳಿದದ್ದರಿಂದ ಮತ್ತೆ ಮತ್ತೆ ಬೋರು ಕೊರೆಸಬೇಕಾಯಿತಾ? ಎರಡೂ ನಡೆದಿರಬಹುದು, ಒಂದು ಇನ್ನೊಂದನ್ನು ತಳ್ಳುತ್ತಾ. ಅಂಕಿಅಂಶ ಒಂದೇ ಇದನ್ನು ಬಿಡಿಸಿ ಹೇಳಲಾರದು.

ಗಡಗಡ ಅಂದರೆ ಕೊಬ್ಬರಿಯಾ?

ಷರತ್ತಿನ ವಾಕ್ಯಗಳದ್ದು ಚಿಕ್ಕ ವಿಷಯ, ಆದರೆ ಅಂಕ ಕಳೆಯೋದರಲ್ಲಿ ದೊಡ್ಡದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಅಲ್ಲಾಡಿಸಿ ನೋಡುತ್ತೇವೆ. ಗಿಟುಕು ಹದಕ್ಕೆ ಬಂದಿದ್ದರೆ ಕರಟ ಬಿಟ್ಟು ಒಳಗೆ ಗಡಗಡ ಅನ್ನುತ್ತೆ. ಸರಿ. ಈಗ ಕಾಯಿ ಗಡಗಡ ಅಂತು. ಒಳ್ಳೆಯ ಕೊಬ್ಬರಿ ಆಗಿದೆ ಅಂತ ಖಚಿತವಾಗಿ ಹೇಳಬಹುದಾ? ಆಗಲ್ಲ. ಒಳಗೆ ಕೊಳೆತಿದ್ದರೂ, ಮುಗ್ಗಿದ್ದರೂ ಸದ್ದು ಬರಬಹುದು. ಅದೇ ಕಾಯಿ ಸದ್ದೇ ಮಾಡದಿದ್ದರೆ? ಇನ್ನೂ ಹದಕ್ಕೆ ಬಂದಿಲ್ಲ ಅಂತ ಧಾರಾಳವಾಗಿ ಹೇಳಬಹುದು. ಹೊಗೆ ಇದ್ದಲ್ಲಿ ಬೆಂಕಿ ಇದೆ ಅನ್ನಬಹುದು, ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಅನ್ನಬಾರದು. ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೋಡಿ ಅಂತ ನ್ಯಾಯಶಾಸ್ತ್ರದವರು ಎಚ್ಚರಿಸಿದ್ದು ಇದನ್ನೇ.

ಕನ್ನಡದಲ್ಲಿ 'ಇದ್ದರೆ' ಮತ್ತು 'ಇದ್ದರೆ ಮಾತ್ರ' ಅಂತ ಎರಡು ಬಗೆ ಇವೆ. "ತೇವಾಂಶ ಮಿತಿಯೊಳಗಿದ್ದರೆ ನಫೆಡ್ ಕೊಳ್ಳುತ್ತೆ" ಅಂದರೆ ತೇವಾಂಶ ಸರಿಯಿದ್ದರೆ ಸಾಕು. "ಮಿತಿಯೊಳಗಿದ್ದರೆ ಮಾತ್ರ ಕೊಳ್ಳುತ್ತೆ" ಅಂದರೆ ತೇವಾಂಶ ಸರಿಯಿರಲೇಬೇಕು, ಆದರೆ ಅಷ್ಟೇ ಸಾಲದಿರಬಹುದು, ಗಾತ್ರವನ್ನೂ ನೋಡಬಹುದು. ಇಂಗ್ಲಿಷಿನ 'ಇಫ್', 'ಓನ್ಲಿ ಇಫ್', 'ಅನ್‌ಲೆಸ್' ಬಂದಾಗ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಕನ್ನಡದ ಈ ರೂಪ ಬರೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ಮೊದಮೊದಲು ನಿಧಾನ ಅನ್ನಿಸುತ್ತೆ, ತಿಂಗಳೊಪ್ಪತ್ತಿನಲ್ಲಿ ಕೈಗೆ ಹತ್ತುತ್ತೆ.

ಭಾಷೆಯ ಇನ್ನೊಂದು ಕಟ್ಟು ನಮ್ಮ ಮಕ್ಕಳಿಗೆ ತೊಡಕಾಗುವುದನ್ನು ನೋಡಿದ್ದೇನೆ. ನಾವು ಮಾತಾಡುವಾಗ ಸಾಮಾನ್ಯವಾಗಿ ಕಾರಣ ಮೊದಲು ಬರುತ್ತೆ, ತೀರ್ಮಾನ ಕೊನೆಗೆ. ಮಳೆ ಬರಲಿಲ್ಲ, ಕೆರೆ ತುಂಬಲಿಲ್ಲ, ಆದ್ದರಿಂದ ಹೀಗೆ. ಇಂಗ್ಲಿಷ್ ಸಂಪಾದಕೀಯದಲ್ಲಿ ತೀರ್ಮಾನ ಎಷ್ಟೋ ಸಲ ಮೊದಲ ಎರಡು ಸಾಲಿನಲ್ಲೇ ಬಂದು ಕೂತಿರುತ್ತೆ, 'ಸಿನ್ಸ್', 'ಬಿಕಾಸ್' ಅಂತ ಕಾರಣಗಳು ಆಮೇಲೆ ಬರುತ್ತವೆ. ಕನ್ನಡ ಮಾಧ್ಯಮದವರು ಕೊನೆಯ ಸಾಲನ್ನೇ ತೀರ್ಮಾನ ಅಂದುಕೊಂಡು ಗುರುತು ಹಾಕಿಬಿಡುತ್ತಾರೆ. ಇದು ಬುದ್ಧಿಯ ಕೊರತೆ ಅಲ್ಲ, ಓದಿನ ರೂಢಿ. ದಿನಕ್ಕೊಂದು ಕನ್ನಡ ಸಂಪಾದಕೀಯ, ಒಂದು ಇಂಗ್ಲಿಷ್ ಸಂಪಾದಕೀಯ ಇಟ್ಟುಕೊಂಡು, "ಇವರು ನನ್ನನ್ನು ಏನು ಒಪ್ಪಿಸೋಕೆ ನೋಡ್ತಿದ್ದಾರೆ?" ಅಂತ ಒಂದೇ ಪ್ರಶ್ನೆ ಹಾಕಿ, ಉತ್ತರದ ಸಾಲಿಗೆ ಅಡಿಗೆರೆ ಎಳೆದರೆ ಸಾಕು.

ಪರೀಕ್ಷೆಯನ್ನೇ ಪರೀಕ್ಷೆ ಮಾಡಿದರೆ

ಈಗ ಇದೇ ಸಲಕರಣೆ ಹಿಡಿದು ಕ್ಲಾಟ್‌ನ ಕಡೆಗೇ ತಿರುಗೋಣ. ಕ್ಲಾಟ್ ನಡೆಯೋದು ಇಂಗ್ಲಿಷಿನಲ್ಲಿ ಮಾತ್ರ. ವೈದ್ಯಕೀಯ ಸೀಟಿನ ನೀಟ್ 13 ಭಾಷೆಗಳಲ್ಲಿದೆ, ಕನ್ನಡವೂ ಅದರಲ್ಲಿದೆ. ಇಂಜಿನಿಯರಿಂಗ್‌ನ ಜೆಇಇ ಮೇನ್ ಕೂಡ ಹಾಗೆಯೇ. ಕ್ಲಾಟ್ ಅನ್ನೂ ಭಾರತೀಯ ಭಾಷೆಗಳಲ್ಲಿ ನಡೆಸಬೇಕು ಅಂತ 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಯಿತು. ಬಾರ್ ಕೌನ್ಸಿಲ್ ಆಫ್ ಇಂಡಿಯಾ ಆ ವಿಚಾರಕ್ಕೆ ಒಲವನ್ನೇ ತೋರಿತು.

ಇಂಗ್ಲಿಷ್ ಸಾಕು ಅನ್ನುವವರ ವಾದ ಹೀಗಿದೆ: ಈ ವಿಶ್ವವಿದ್ಯಾಲಯಗಳಲ್ಲಿ ಪಾಠ ಇಂಗ್ಲಿಷಿನಲ್ಲಿ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ಆದ್ದರಿಂದ ಪ್ರವೇಶ ಪರೀಕ್ಷೆಯೂ ಇಂಗ್ಲಿಷಿನಲ್ಲೇ ಇರಬೇಕು. ವಾದ ಪೊಳ್ಳಲ್ಲ. ಆದರೆ ಇದರ ಗೃಹೀತ ಏನು? ಹದಿನೆಂಟರ ವಯಸ್ಸಿನಲ್ಲಿ ವೇಗವಾಗಿ ಇಂಗ್ಲಿಷ್ ಓದಲಾರದವರು ಐದು ವರ್ಷದಲ್ಲೂ ಅದನ್ನು ಕಲಿಯಲಾರರು ಅನ್ನೋದು. ತಿರುಗಿಸಿ ನೋಡಿ: ಕಲಿಯಬಲ್ಲರು. ವಾದಕ್ಕೆ ದೊಡ್ಡ ಏಟು ಬಿತ್ತು. ಇನ್ನೊಂದು ಸಂಗತಿಯನ್ನೂ ಸೇರಿಸಿ. ಕರ್ನಾಟಕದ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ. ತುರುವೇಕೆರೆ ಕೋರ್ಟಿನಲ್ಲಿ ಸಾಕ್ಷಿಯ ಪಾಟೀಸವಾಲು ಕನ್ನಡದಲ್ಲೇ ನಡೆಯಬೇಕು. ಅಲ್ಲಿ ಬೇಕಾಗುವ ತರ್ಕ ಇಂಗ್ಲಿಷಿನ ಓದಿನ ವೇಗ ಅಲ್ಲ.

ಎದುರು ಕಡೆಯವರ ಹೋಲಿಕೆಯೂ ಪೂರ್ತಿ ಗಟ್ಟಿಯಲ್ಲ, ಅದನ್ನೂ ಹೇಳಿಬಿಡಬೇಕು. ನೀಟ್ ಕನ್ನಡದಲ್ಲಿದೆ, ಹಾಗಾಗಿ ಕ್ಲಾಟ್ ಕೂಡ ಆಗಬಹುದು ಅನ್ನೋದು ಸಾದೃಶ್ಯದ ವಾದ. ನೀಟ್ ಕೇಳೋದು ಜೀವಶಾಸ್ತ್ರ, ರಸಾಯನಶಾಸ್ತ್ರ, ಅದನ್ನು ಅನುವಾದಿಸಬಹುದು. ಕ್ಲಾಟ್‌ನಲ್ಲಿ ಇಂಗ್ಲಿಷ್ ಒಂದು ಪ್ರತ್ಯೇಕ ವಿಭಾಗವೇ ಆಗಿದೆ, ತರ್ಕದ ಗದ್ಯದಲ್ಲಿ ಒಂದು ಪದದ ಛಾಯೆ ಬದಲಾದರೆ ಉತ್ತರವೇ ಬದಲಾದೀತು. ಇಂಗ್ಲಿಷ್ ಮೂಲದಲ್ಲೇ ಇದು ಸುಲಭ ಅಲ್ಲ: 2025ರ ಕ್ಲಾಟ್‌ನ ಕೀ ಉತ್ತರಗಳ ತಕರಾರು ದೆಹಲಿ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತನಕ ಹೋಗಿ, 2025ರ ಮೇ 7ರಂದು ಅಲ್ಲಿ ಇತ್ಯರ್ಥವಾಯಿತು. ಆದರೂ ನನ್ನ ಮಟ್ಟಿಗೆ ಹೇಳುವುದಾದರೆ, ತರ್ಕ ಮತ್ತು ಕಾನೂನು ಈ ಎರಡು ವಿಭಾಗಗಳನ್ನಾದರೂ ಕನ್ನಡದಲ್ಲಿ ಕೊಡಬಹುದು. ಇಂಗ್ಲಿಷ್ ಎಷ್ಟು ಬರುತ್ತೆ ಅಂತ ಅಳೆಯೋದಕ್ಕೆ ಇಂಗ್ಲಿಷ್ ವಿಭಾಗ ಇದ್ದೇ ಇದೆಯಲ್ಲ. ಅದನ್ನು ಐದು ಸಲ ಅಳೆಯೋದು ಯಾಕೆ?

ಅದು ಆಗುವ ತನಕ ಇರುವ ದಾರಿ ತಿಳಿದಿರಲಿ. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಸೀಟು ಮೀಸಲಿಡಲು 2020ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ವಿಶ್ವವಿದ್ಯಾಲಯ ತಾನಾಗಿಯೇ ಶೇ. 25ರ ನೀತಿಯನ್ನು ಅಳವಡಿಸಿಕೊಂಡಿತು. ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ 10 ವರ್ಷ ಓದಿದವರು ಇದಕ್ಕೆ ಅರ್ಹರು. ನಮ್ಮ ಮೂರು ತಾಲ್ಲೂಕಿನ ಸರ್ಕಾರಿ ಶಾಲೆಯ ಮಕ್ಕಳು ಬಹುತೇಕ ಎಲ್ಲರೂ ಈ ಲೆಕ್ಕದೊಳಗೆ ಬರುತ್ತಾರೆ, ಅರ್ಜಿ ತುಂಬುವಾಗ ಆ ಕಾಲಂ ಬಿಟ್ಟುಬಿಡಬೇಡಿ. ಕ್ಲಾಟ್ ಬೇಡ ಅನ್ನುವವರಿಗೆ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಿವೆ, ತುಮಕೂರಿನಲ್ಲೂ ಇವೆ. ಅಲ್ಲಿ ಪಿಯುಸಿ ಅಂಕದ ಮೇಲೆ ಸೀಟು.

ಊಹೆ ಮಾಡಿ ಗುರುತು ಹಾಕಬಹುದಾ ಅಂತ ಪ್ರತಿ ವಾರ ಯಾರಾದರೂ ಕೇಳುತ್ತಾರೆ. ಲೆಕ್ಕ ಹಾಕಿ: ನಾಲ್ಕರಲ್ಲಿ ಎರಡು ಆಯ್ಕೆಯನ್ನು ಕಾರಣ ಕೊಟ್ಟು ಹೊಡೆದುಹಾಕಿದ್ದೀರಿ, ಉಳಿದ ಎರಡರಲ್ಲಿ ಒಂದನ್ನು ಆರಿಸುತ್ತೀರಿ. ಇಂಥ ನೂರು ಪ್ರಶ್ನೆಯಲ್ಲಿ ಸರಾಸರಿ ಐವತ್ತು ಸರಿ, ಐವತ್ತು ತಪ್ಪು. ಐವತ್ತು ಅಂಕ ಬಂತು, ಹನ್ನೆರಡೂವರೆ ಹೋಯಿತು. ಮೂವತ್ತೇಳೂವರೆ ಕೈಯಲ್ಲಿ ಉಳಿಯಿತು. ಗುರುತು ಹಾಕಿ.